ಲೆಕ್ಕ ಬಲ್ಲವರು, ಮನೆ ಬಲ್ಲವರು

ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರು 2015ರಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿಯ ಹಳೆಯ ಕಟ್ಟಡವೊಂದರ ಮೇಲಿನ ಬರಹವನ್ನು ಓದಿದವರು, ಅದು ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಸಮಾಧಿಯೆಂದು ಗುರುತಿಸಿದರು. ಆಳಿದವರ ಹೆಸರು ಹೀಗೆ ಕಲ್ಲಿನಲ್ಲಿ ಉಳಿಯುತ್ತದೆ; ಕಾಲ ಬಂದಾಗ ಓದುವವರೂ ಸಿಗುತ್ತಾರೆ. ಆದರೆ ಆ ಕೆಂಪಾಪುರದಲ್ಲಿ, ಹಾಗೆಯೇ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಹಳ್ಳಿಹಳ್ಳಿಗಳಲ್ಲಿ, ಎರಡು ಎಕರೆ ಹೊಲದ ಬೇಸಾಯಗಾರನೊಬ್ಬ ಮಗಳ ಮದುವೆಗೆ ಸಾಲ ಮಾಡಲೇ ಬೇಡವೇ ಎಂದು ಯಾರನ್ನು ಕೇಳಿದ, ಅವರು ಏನು ಹೇಳಿದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಈ ಹೊತ್ತು ನಾನು ನಾಲ್ಕು ಮಾತು ಆಡಬೇಕೆಂದಿರುವುದು ಆ ಬರೆಯದ ಚರಿತ್ರೆಯನ್ನು ಕುರಿತು.

ಹಣದ ವಿಷಯದಲ್ಲಿ ಸಲಹೆ ಕೇಳುವುದೆಂದರೆ ವೈದ್ಯನಿಗೆ ಮೈ ತೋರಿಸಿದ ಹಾಗೆ. ಅಣ್ಣತಮ್ಮಂದಿರ ಮನಸ್ತಾಪ, ಒತ್ತೆಯಿಟ್ಟ ಒಡವೆ, ಹೆಂಡತಿಗೂ ಹೇಳದ ಕೈಗಡ, ಎಲ್ಲವನ್ನೂ ಬಿಚ್ಚಿಡಬೇಕಾಗುತ್ತದೆ. ಆದುದರಿಂದ ಸಲಹೆ ಹೇಳುವವನಲ್ಲಿ ಎರಡು ಗುಣಗಳಿರಬೇಕು. ಮೊದಲನೆಯದು, ಆ ಮನೆಯನ್ನು ಅವನು ಬಲ್ಲವನಾಗಿರಬೇಕು. ಎರಡನೆಯದು, ತಾನು ಹೇಳುವ ಮಾತಿನಿಂದ ತನಗೇ ಲಾಭವಾಗುವಂತಿರಬಾರದು. ನಮ್ಮ ನಾಡಿನ ಅನುಭವವನ್ನು ನೋಡಿದರೆ ಈ ಎರಡೂ ಒಬ್ಬನಲ್ಲೇ ನೆಲೆಸಿದ್ದು ಅಪರೂಪವೆಂದೇ ಹೇಳಬೇಕು.

ಹಳ್ಳಿಯ ಮೊದಲ ಲೆಕ್ಕಿಗ ಶಾನುಭೋಗ. ಶಾಸನಗಳ ಕೊನೆಯಲ್ಲಿ ಬರೆದವನಾಗಿ ಕಾಣಿಸುವ ‘ಸೇನಬೋವ’ನೇ ಕಾಲಕ್ರಮದಲ್ಲಿ ಶಾನುಭೋಗನಾದನೆಂಬುದು ಭಾಷೆಯನ್ನು ಅಭ್ಯಾಸ ಮಾಡಿದವರಿಗೆ ತಿಳಿದ ಸಂಗತಿ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿದ ಕಡತದ ಮೇಲೆ ಬಳಪದಿಂದ ಅವನು ಲೆಕ್ಕ ಬರೆಯುತ್ತಿದ್ದ. ಯಾವ ಹೊಲದ ಎಲ್ಲೆ ಎಲ್ಲಿಗೆ, ಯಾರ ಕಂದಾಯ ಎಷ್ಟು ನಿಂತಿದೆ, ಯಾರ ಮನೆಯಲ್ಲಿ ಪಾಲು ಆಗಲಿದೆ, ಇವೆಲ್ಲ ಕಡತದಲ್ಲಿ ಅರ್ಧ, ಅವನ ತಲೆಯಲ್ಲಿ ಅರ್ಧ. ಅಕ್ಷರ ಬಾರದ ರೈತನಿಗೆ ಸರ್ಕಾರವೆಂದರೆ ಅವನೇ. ಕ್ರಯಪತ್ರ, ಭೋಗ್ಯಪತ್ರಗಳ ಒಕ್ಕಣೆ ಗೊತ್ತಿದ್ದವನೂ ಅವನೇ.

ಆದರೆ ಬಲ್ಲವನ ಕೈಯಲ್ಲಿ ಬಲವೂ ಇರುತ್ತದೆ. ಏನು ಬರೆದಿದೆಯೆಂದು ತಿಳಿಯದವನು ಹೆಬ್ಬೆಟ್ಟು ಒತ್ತುವಾಗ, ಬರೆದವನ ಸಜ್ಜನಿಕೆಯ ಹೊರತು ಬೇರೆ ಕಾವಲಿರಲಿಲ್ಲ. ಹಸಿದ ಶಾನುಭೋಗ ಹಳೇ ಲೆಕ್ಕ ತೆಗೆದನೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ವಂಶಪಾರಂಪರ್ಯದ ಈ ಹುದ್ದೆಯನ್ನು ರದ್ದುಮಾಡುವ ಕಾನೂನು 1961ರಲ್ಲಿ ರೂಪುಗೊಂಡು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅದು ಆಗಲೇಬೇಕಾಗಿದ್ದ ಬದಲಾವಣೆ.

ಆದರೂ ನನ್ನ ಬಾಲ್ಯದಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಅಧಿಕಾರ ಹೋಗಿ ಎಷ್ಟೋ ವರ್ಷಗಳಾದ ಮೇಲೂ ನಮ್ಮ ಕಡೆಯ ಹಳೆಯ ಶಾನುಭೋಗರೊಬ್ಬರ ಜಗಲಿಯ ಮೇಲೆ ರೈತರು ಬಂದು ಕೂರುತ್ತಿದ್ದರು. ಆ ಮುದುಕರ ಕೈಯಲ್ಲಿ ಕಡತವೂ ಇರಲಿಲ್ಲ, ಸರ್ಕಾರದ ಮೊಹರೂ ಇರಲಿಲ್ಲ. “ಎತ್ತು ಕೊಳ್ಳೋದಾದರೆ ಸಾಲ ಮಾಡಯ್ಯ, ಬೀಗರ ಮುಂದೆ ಮೀಸೆ ತಿರುವೋದಕ್ಕೆ ಮಾಡಬೇಡ” ಎಂದು ಅವರು ಗದರುತ್ತಿದ್ದರು. “ಆಗಲಿ ಸ್ವಾಮಿ” ಎಂದು ಕೇಳಿದವನು ತಲೆಯಾಡಿಸಿ ಎದ್ದುಹೋಗುತ್ತಿದ್ದ. ಹೋದವರಲ್ಲಿ ಕೆಲವರು ಸಾಲ ಮಾಡಿಯೇ ಮದುವೆ ಮಾಡಿದರು. ಮುಂದಿನ ವರ್ಷ ಮತ್ತೆ ಅದೇ ಜಗಲಿಗೆ ಬಂದರು. ಸಲಹೆಯನ್ನು ಮೀರಿದವನಿಗೂ ಮತ್ತೆ ಬರಲು ಸಂಕೋಚವಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಧಿಕಾರವಿದ್ದಾಗ ಅವರಿಗೆ ಹೆದರಿದ್ದವರೇ ಅದು ಹೋದಮೇಲೆ ಅವರನ್ನು ನಂಬಿದರು. ಅವರ ಮಾತಿನಿಂದ ಅವರಿಗೆ ಆಗಬೇಕಾದದ್ದು ಏನೂ ಉಳಿದಿರಲಿಲ್ಲ.

ಇದಕ್ಕೆ ಎದುರಾಗಿ ಮಾಗಡಿ ಜಾತ್ರೆಯ ದನದ ಪರಿಷೆಯ ದಲ್ಲಾಳಿಯನ್ನು ನೆನೆಯಿರಿ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಆತ ಎತ್ತಿನ ಹಲ್ಲು, ಸುಳಿ, ನಡಿಗೆಗಳನ್ನು ನಮಗಿಂತ ಚೆನ್ನಾಗಿ ಬಲ್ಲ. ಆದರೆ ವ್ಯಾಪಾರ ಕುದುರಿದರೆ ಮಾತ್ರ ಅವನಿಗೆ ದುಡ್ಡು. “ಈ ಎತ್ತು ನಿನಗೆ ಬೇಡಪ್ಪ, ಮನೆಗೆ ಹೋಗು” ಎಂಬ ಮಾತು ಅವನ ಬಾಯಿಂದ ಬರುವುದು ಕಷ್ಟ. ಅವನು ಕೆಟ್ಟವನೆಂದಲ್ಲ, ಅವನ ಅನ್ನ ಇರುವುದು ಬೇರೆ ಕಡೆ.

ಈ ತೊಡಕಿಗೆ ಪರಿಹಾರವನ್ನು ಜರ್ಮನಿಯ ರೈಫೈಸನ್ ಎಂಬ ಹಳ್ಳಿಗಾಡಿನ ಅಧಿಕಾರಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಡುಕಿದ. ಒಬ್ಬರನ್ನೊಬ್ಬರು ಬಲ್ಲ ನೆರೆಹೊರೆಯವರೇ ಸೇರಿ ಸಂಘ ಮಾಡಿಕೊಳ್ಳಬೇಕು, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾಗಬೇಕು ಎಂಬುದು ಅವನ ತತ್ತ್ವ. ಆ ಚಿಂತನೆ ನಮ್ಮ ದೇಶಕ್ಕೆ ಬಂದು 1904ರ ಕಾನೂನಾಯಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾನೂನನ್ನು ಮಾಡಿತು. ಪಕ್ಕದ ಮನೆಯವನು ತಪ್ಪು ಸಾಲ ಮಾಡಿದರೆ ನನ್ನ ಜೇಬಿಗೂ ಕತ್ತರಿ ಬೀಳುತ್ತದೆಂದಾಗ ನಾನು ಅವನಿಗೆ ನಿಜ ಹೇಳುತ್ತೇನೆ. ಇದು ಆ ಏರ್ಪಾಟಿನ ಜಾಣತನ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ದಿನವೂ ಮುಖ ನೋಡಬೇಕಾದ ನೆಂಟನಿಗೆ ‘ಇಲ್ಲ’ ಎನ್ನುವ ಎದೆಗಾರಿಕೆ ಎಷ್ಟು ಜನರಿಗೆ ಇದ್ದೀತು?

ಸಂಘ, ಬ್ಯಾಂಕುಗಳು ಬಂದವು. ಅವುಗಳೊಡನೆ ಅರ್ಜಿ, ನಮೂನೆ, ಜಾಮೀನುಗಳೂ ಬಂದವು. ಬಾಗಿಲು ತೆರೆದಿದ್ದರೂ ಒಳಹೋಗುವ ದಾರಿ ಹಳ್ಳಿಯವನಿಗೆ ತಿಳಿಯಲಿಲ್ಲ. ಈ ಸಂದಿಯಲ್ಲಿ ಹುಟ್ಟಿಕೊಂಡ ಮನುಷ್ಯನನ್ನು ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣರು 1952ರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯಲ್ಲಿ ಚಿರಸ್ಥಾಯಿಯಾಗಿಸಿದರು. ಭೂ ಅಡಮಾನ ಸಹಕಾರ ಬ್ಯಾಂಕಿನ ಎದುರಿನ ಆಲದ ಮರದಡಿ, ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಕೂತ ಮಾರ್ಗಯ್ಯ ರೈತರಿಗೆ ಸಾಲದ ದಾರಿ ತೋರಿಸುತ್ತಾನೆ. ಅವನ ಹೆಸರಿನಲ್ಲೇ ‘ಮಾರ್ಗ’ವಿದೆ. ಯಾರ ಸಾಲ ಎಷ್ಟಿದೆ, ಯಾರಿಗೆ ಇನ್ನೆಷ್ಟು ಹುಟ್ಟುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಮರದಡಿ ಕೂತಿದ್ದಾಗ ಅವನು ಮಾಡಿದ್ದು ಸಣ್ಣ ಲಾಭ, ಸಣ್ಣ ತಂಟೆ. ಮುಂದೆ ಅವನು ಜನರ ಠೇವಣಿಯನ್ನೇ ತೆಗೆದುಕೊಳ್ಳುವ ದೊಡ್ಡ ಮನುಷ್ಯನಾದಾಗ, ಮುಖಗಳು ಮರೆಯಾಗಿ ಮೂಟೆಗಟ್ಟಿದ ನೋಟುಗಳಷ್ಟೇ ಉಳಿದವು. ಸಂಶಯದ ಗಾಳಿಯೊಂದು ಬೀಸಿತು, ಒಮ್ಮೆಗೇ ಎಲ್ಲರೂ ಹಣ ಕೇಳಲು ಬಂದರು, ಕಟ್ಟಿದ್ದೆಲ್ಲ ಕುಸಿಯಿತು. ಕೊನೆಗೆ ಅವನಿಗೆ ನೆನಪಾಗುವುದು ಅದೇ ಪೆಟ್ಟಿಗೆ, ಅದೇ ಆಲದ ಮರ.

ಕರಾವಳಿಯವರು ಇನ್ನೊಂದು ದಾರಿ ಹಿಡಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದ. ಅವನಿಗೂ ಕಮಿಷನ್ ಇತ್ತು, ನಿಜ. ಆದರೆ ಗ್ರಾಹಕನ ಉಳಿತಾಯ ನಿಂತರೆ ಅವನ ಸಂಪಾದನೆಯೂ ನಿಲ್ಲುತ್ತಿತ್ತು. ಇಬ್ಬರ ಹಿತವೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುವಂತೆ ಹೊಂದಿಸಿದ್ದರಲ್ಲಿ ಆ ಯೋಜನೆಯ ಗುಟ್ಟಿದೆ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಮತ್ತೆ ನಮ್ಮ ಸೀಮೆಗೆ ಬರೋಣ. ಇದು ರೇಷ್ಮೆಯ ನಾಡು. ರಾಗಿ ಬೆಳೆದವನಿಗೆ ವರ್ಷಕ್ಕೊಮ್ಮೆ ಫಸಲು. ಹುಳು ಸಾಕಿದವನಿಗೆ ತಿಂಗಳೊಪ್ಪತ್ತಿನಲ್ಲಿ ಕೈತುಂಬ ಹಣ, ಇಲ್ಲವೇ ರೋಗ ತಗುಲಿ ಬರಿಗೈ. 1959ರ ಕಾನೂನು ಗೂಡಿನ ಮಾರಾಟಕ್ಕೆ ಕಟ್ಟುಪಾಡು ತಂದಿತು. ರಾಮನಗರದ ಸರ್ಕಾರಿ ಮಾರುಕಟ್ಟೆಯಲ್ಲಿ ತೂಕವೂ ಹರಾಜೂ ಬಯಲಾದವು. ಗೂಡಿಗೆ ಎಷ್ಟು ಬೆಲೆ ಎಂಬುದನ್ನು ಮಾರುಕಟ್ಟೆ ಹೇಳುತ್ತದೆ. ಬಂದ ಹಣವನ್ನು ಏನು ಮಾಡಬೇಕೆಂಬುದನ್ನು ಹೇಳುವವರು ಯಾರು?

ಹೇಳುವವರಿಗೇನೂ ಈಗ ಕೊರತೆಯಿಲ್ಲ. ವಿಮೆಯವರು, ಚೀಟಿಯವರು, ಮ್ಯೂಚುವಲ್ ಫಂಡಿನವರು ಎಲ್ಲರೂ ಇದ್ದಾರೆ. ಸೆಬಿ ಸಂಸ್ಥೆಯ 2013ರ ನಿಯಮಾವಳಿ, ಹೂಡಿಕೆಯ ಸಲಹೆಗಾರನು ಗ್ರಾಹಕನ ಹಿತಕ್ಕೆ ಬದ್ಧನಾಗಿರಬೇಕು, ತನ್ನ ಹಿತಾಸಕ್ತಿ ಏನಿದ್ದರೂ ಬಿಚ್ಚಿ ಹೇಳಬೇಕು ಎಂದು ವಿಧಿಸಿದೆ. ಪರಿಷೆಯ ಟವೆಲನ್ನು ಸರಿಸುವ ಪ್ರಯತ್ನವಿದು, ಸ್ವಾಗತಾರ್ಹವೇ ಸರಿ. ಆದರೆ ಕಾನೂನು ಟವೆಲನ್ನು ಸರಿಸಬಲ್ಲದು, ಜಗಲಿಯನ್ನು ಕಟ್ಟಿಕೊಡಲಾರದು. ಎದುರಿಗೆ ಕೂತವನ ಮಗಳ ಹೆಸರೇನು, ಅವನಿಗೆ ನಿದ್ದೆ ಬರುತ್ತಿದೆಯೇ ಎಂಬುದು ಯಾವ ನಮೂನೆಯಲ್ಲೂ ಇರುವುದಿಲ್ಲ. ಅದನ್ನು ಕೇಳುವ ವ್ಯವಧಾನ ಸಲಹೆಗಾರನಿಗಿರಬೇಕು. ಕೇಳುವವರಾದ ನಾವೂ ಒಂದು ಮಾತನ್ನು ಕಲಿಯಬೇಕು: “ನಾನು ನಿಮ್ಮ ಮಾತು ಕೇಳಿದರೆ ನಿಮಗೆ ಸಿಗುವುದೇನು ಸ್ವಾಮಿ?” ಹಾಗೆ ಕೇಳುವುದು ಅವಮಾನವಲ್ಲ. ಆ ಪ್ರಶ್ನೆಗೆ ನಗುನಗುತ್ತಾ ಉತ್ತರ ಹೇಳಬಲ್ಲವನ ಮುಂದೆ ಮನೆಯ ಕಷ್ಟಸುಖವನ್ನು ಧೈರ್ಯವಾಗಿ ಬಿಚ್ಚಿಡಬಹುದು.