ಜಾಹೀರಾತು ಮತ್ತು ಇತಿಹಾಸದ ವಿದ್ಯಾರ್ಥಿ

ಸ್ವತಂತ್ರ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಶಾಸನಗಳನ್ನೂ ಸರ್ಕಾರಿ ಕಡತಗಳನ್ನೂ ಆಕರಗಳೆಂದು ಒಡನೆಯೇ ಒಪ್ಪುತ್ತಾರೆ. ಸಾಬೂನಿನ ಪೆಟ್ಟಿಗೆಯನ್ನಾಗಲಿ ಪತ್ರಿಕೆಯ ಜಾಹೀರಾತನ್ನಾಗಲಿ ಹಾಗೆ ಒಪ್ಪಲು ಹಿಂಜರಿಯುತ್ತಾರೆ. ಈ ಹಿಂಜರಿಕೆ ಅನಾವಶ್ಯಕವೆಂಬುದು ನಮ್ಮ ಅಭಿಪ್ರಾಯ. ಆದರೆ ಜಾಹೀರಾತು ಯಾವ ಪ್ರಶ್ನೆಗೆ ಸಾಕ್ಷಿಯಾಗಬಲ್ಲುದು, ಯಾವುದಕ್ಕೆ ಆಗಲಾರದು ಎಂಬ ವಿವೇಚನೆ ಅವಶ್ಯ. ಮೈಸೂರು ಸ್ಯಾಂಡಲ್ ಸಾಬೂನನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. ಮುಂದಿನ ಮೈಸೂರು ಸರ್ಕಾರವೂ ಆ ಏಕಸ್ವಾಮ್ಯವನ್ನು ಉಳಿಸಿಕೊಂಡಿತು. ಮರ ಮೈಸೂರಿನದಾದರೂ ಎಣ್ಣೆ ತೆಗೆಯುವ ಕೆಲಸ ಬಹುಮಟ್ಟಿಗೆ ಯೂರೋಪಿನಲ್ಲಿ ನಡೆಯುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಲು ರಫ್ತು ಕುಂಠಿತವಾಗಿ ಗಂಧದ ಮರ ಇಲ್ಲಿಯೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ಎಣ್ಣೆಯನ್ನು ಸಂಸ್ಥಾನದಲ್ಲಿಯೇ ಬಟ್ಟಿಯಿಳಿಸುವ ಉದ್ಯಮ ಹುಟ್ಟಿತು. ಆ ಎಣ್ಣೆಯನ್ನು ಆಧರಿಸಿ ಸಾಬೂನು ಬಂದಿತು. ಸಾಬೂನಿನ ತಯಾರಿಕೆಯನ್ನು ರೂಪಿಸಿದವರಲ್ಲಿ ಎಸ್. ಜಿ. ಶಾಸ್ತ್ರಿಗಳು ಪ್ರಮುಖರು.

ಸಂಶೋಧಕನ ಮೊದಲ ಪರೀಕ್ಷೆ ಇಲ್ಲಿಯೇ ಎದುರಾಗುತ್ತದೆ. ಸಾಬೂನಿನ ಪ್ರಚಾರವು 1916ನ್ನು ಆರಂಭವರ್ಷವೆಂದು ಸಾರುತ್ತದೆ. ವಿದೇಶೀ ಅತಿಥಿಯೊಬ್ಬರು 1918ರಲ್ಲಿ ಮಹಾರಾಜರಿಗೆ ಗಂಧದೆಣ್ಣೆಯ ಸಾಬೂನುಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ ಅದರಿಂದಲೇ ಈ ಯೋಚನೆ ಹೊಳೆಯಿತೆಂದೂ ಪ್ರಚಲಿತ ಕಥೆ ಹೇಳುತ್ತದೆ. ಎರಡೂ ಒಟ್ಟಿಗೆ ನಿಲ್ಲಲಾರವು. ಎಣ್ಣೆಯ ಉದ್ಯಮದ ವರ್ಷವನ್ನು ಸಾಬೂನಿಗೂ ಅನ್ವಯಿಸಲಾಯಿತೆ, ಅಥವಾ ಕಾಣಿಕೆಯ ಕಥೆ ಅನಂತರ ಹೆಣೆದುದೆ? ಇದನ್ನು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಿಂದ ನಿರ್ಣಯಿಸಬೇಕೇ ಹೊರತು ಪೆಟ್ಟಿಗೆಯ ಮೇಲಿನ ಅಂಕಿಯಿಂದಲ್ಲ.

ಆದರೆ ಅದೇ ಪೆಟ್ಟಿಗೆ ಬೇರೊಂದು ಪ್ರಶ್ನೆಗೆ ಉತ್ತಮ ಸಾಕ್ಷಿ. ಅದರ ಮೇಲಿನ ಮುದ್ರೆ ಶರಭ: ಸಿಂಹದ ದೇಹ, ಆನೆಯ ತಲೆ. ಗಂಡಭೇರುಂಡದ ಎರಡು ಪಕ್ಕಗಳಲ್ಲಿ ಇದೇ ಶರಭಗಳನ್ನು ಮೈಸೂರಿನ ರಾಜಲಾಂಛನದಲ್ಲಿ ಕಾಣುತ್ತೇವೆ. ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಕಾಣುತ್ತೇವೆ. ಕೊಳ್ಳುವವರ ವಿಶ್ವಾಸಕ್ಕಾಗಿ ವ್ಯಾಪಾರಮುದ್ರೆಯು ಪ್ರಭುತ್ವದ ಗೌರವವನ್ನು ಎರವಲು ಪಡೆದುದು ಇದರಿಂದ ಸ್ಪಷ್ಟ. 1980ರಲ್ಲಿ ಸಾಬೂನಿನ ಕಾರ್ಖಾನೆಯೂ ಮೈಸೂರು, ಶಿವಮೊಗ್ಗಗಳ ಗಂಧದೆಣ್ಣೆ ಕಾರ್ಖಾನೆಗಳೂ ಒಂದೇ ಸರ್ಕಾರಿ ಕಂಪನಿಯಾದ ಮೇಲೆಯೂ ಈ ಮುದ್ರೆ ಉಳಿಯಿತು. ರಾಜ್ಯದ ಸ್ವರೂಪ ಬದಲಾದರೂ ಚಿಹ್ನೆ ಬದಲಾಗಲಿಲ್ಲವೆಂಬುದು ಗಮನಾರ್ಹ.

ಮಾರುವವನು ಏನನ್ನು ನಂಬಿಸಲು ಬಯಸಿದನೆಂಬುದನ್ನು ಜಾಹೀರಾತು ಹೇಳುತ್ತದೆ. ಕೊಳ್ಳುವವನು ಏನನ್ನು ನಂಬಿದನೆಂಬುದನ್ನು ಹೇಳುವುದಿಲ್ಲ. ಅದಕ್ಕೆ ಮಾರಾಟದ ಲೆಕ್ಕಗಳೂ ಅಂಗಡಿಯವರ, ಗೃಹಿಣಿಯರ ಹೇಳಿಕೆಗಳೂ ಬೇಕು. ಗಂಧದ ಮರ ಕಡಿದು ಸಾಗಿಸಿದ ಕೂಲಿಕಾರರ ವಿಷಯದಲ್ಲಂತೂ ಅದು ಮೌನ. ಆ ಮೌನವನ್ನು ತುಂಬಲು ಅರಣ್ಯ ಇಲಾಖೆಯ ಕಾಗದಪತ್ರಗಳನ್ನು ನೋಡಬೇಕಾಗುತ್ತದೆ.

ವಿದ್ಯಾರ್ಥಿಗಳು ಒಂದೇ ಪತ್ರಿಕೆಯನ್ನು ಆಯ್ದು, ಐದೈದು ವರ್ಷಗಳ ಅಂತರದ ಸಂಚಿಕೆಗಳಲ್ಲಿ ಜಾಹೀರಾತಿನ ಭಾಷೆ, ಚಿತ್ರ, ಬೆಲೆ, ಸಂಬೋಧನೆಗಳನ್ನು ಕ್ರಮವಾಗಿ ಗುರುತಿಸಿಕೊಳ್ಳುವುದು ಲೇಸು. ಕಾಣದಿದ್ದುದನ್ನೂ ಬರೆದಿಡಬೇಕು. ಈ ಕೆಲಸವನ್ನು ಮುಂದೂಡುವಂತಿಲ್ಲ. ನಿಯತಕಾಲಿಕಗಳಿಗೆ ರಟ್ಟು ಕಟ್ಟಿಸುವಾಗ ಜಾಹೀರಾತಿನ ಪುಟಗಳನ್ನು ತೆಗೆದುಹಾಕುವ ರೂಢಿ ಅನೇಕ ಗ್ರಂಥಾಲಯಗಳಲ್ಲಿತ್ತು; ಪೆಟ್ಟಿಗೆಗಳನ್ನು ಕೂಡಿಡುವ ಮನೆಗಳಂತೂ ವಿರಳ. ಶಾಸನದ ಕಲ್ಲು ಶತಮಾನಗಳ ಕಾಲ ಕಾಯಬಲ್ಲುದು. ಈ ಕಾಗದ ಕಾಯಲಾರದು.