ಮೂಡುಶೆಡ್ಡೆಯ ಪದವು, ಪಿಲಿಕುಳದ ಮರಗಳು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಮೂಡುಬಿದಿರೆ ಕಡೆಗೆ ಹೊರಟ ಬಸ್ಸು ಕುಲಶೇಖರ, ಕುಡುಪು ದಾಟಿ ವಾಮಂಜೂರಿಗೆ ಬರುತ್ತದೆ. ಅಲ್ಲಿ ಪೇಟೆ ಇನ್ನೂ ಮುಗಿದಿರುವುದಿಲ್ಲ, ಹಳ್ಳಿಯೂ ಸರಿಯಾಗಿ ಶುರುವಾಗಿರುವುದಿಲ್ಲ. ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ಮೂಡುಶೆಡ್ಡೆ ಗ್ರಾಮ. ಅಲ್ಲಿ ಸುಮಾರು 370 ಎಕರೆಯಲ್ಲಿ ಹರಡಿರುವುದು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಒಂದು ಅಂಚಿನಲ್ಲಿ ಗುರುಪುರ ನದಿ ಹರಿಯುತ್ತದೆ. ಫಲ್ಗುಣಿ ಎಂದರೂ ಅದೇ. ನಡುವೆ ಹಳೆಯ ಕೆರೆ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೆರೆ ಇದು ಎಂದು ಊರಿನವರು ಹೇಳುತ್ತಾರೆ. ತುಳು ಬಲ್ಲವರಿಗೆ ಪಿಲಿಕುಳ ಎಂಬ ಹೆಸರೇ ಆ ಕತೆ ಹೇಳಿಬಿಡುತ್ತದೆ.

ಇಲ್ಲಿಯ ನೆಲ ಮುರಕಲ್ಲಿನ ಪದವು. ಕರಾವಳಿಯ ಗುಡ್ಡಗಳ ತಲೆ ಬಹಳ ಕಡೆ ಹೀಗೆಯೇ ಚಪ್ಪಟೆ. ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಕೆಂಪು ಕಲ್ಲು. ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ದಕ್ಷಿಣ ಭಾರತದ ತನ್ನ ಪ್ರವಾಸದಲ್ಲಿ ಗಮನಿಸಿ, 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ವಿವರಿಸಿದ. ಮಾರ್ಚ್ ತಿಂಗಳಲ್ಲಿ ಪದವಿನ ಮೇಲೆ ನಿಂತರೆ ಇಲ್ಲಿ ಏನೂ ಬೆಳೆಯಲಾರದು ಎನಿಸುತ್ತದೆ. ಜೂನ್ ಕಳೆದು ನೋಡಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಇದು. ಕಲ್ಲಿನ ತಗ್ಗುಗಳಲ್ಲೆಲ್ಲ ನೀರು ನಿಂತು, ಕೀಟ ಹಿಡಿದು ಬದುಕುವ ಪುಟ್ಟ ಗಿಡಗಳು ನೀಲಿ ಹೂ ಬಿಡುತ್ತವೆ. ಮಣ್ಣು ಸಿಕ್ಕಲ್ಲಿ ಕೇಪುಳ, ಕುಂಟಾಲ, ನೇರಳೆ.

ದೊಡ್ಡ ಮರಗಳು ಎಲ್ಲಿ ಹೋದವು ಎಂದು ಕೇಳಿದರೆ ಉತ್ತರದ ಒಂದು ಭಾಗ ನಮ್ಮ ಮನೆಗಳ ಮಾಡಿನಲ್ಲೇ ಇದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಎದ್ದವು. ಜೇಡಿಮಣ್ಣು ಹೊಳೆಬದಿಯಿಂದ ಬಂತು, ಗೂಡಿಗೆ ಸೌದೆ ಗುಡ್ಡಗಳಿಂದ. ಮಂಗಳೂರು ಹಂಚು ಕಡಲು ದಾಟಿ ಹೆಸರು ಮಾಡಿತು. ಗುಡ್ಡಗಳು ಬೋಳಾದವು. ಆಮೇಲೆ ಅಲ್ಲಿ ಗೇರು, ಅದರ ಹಿಂದೆ ಅಕೇಶಿಯಾ ಬಂದವು. ಈಗಿನ ಮಕ್ಕಳು ಕಾಡು ಎಂದು ತಿಳಿದಿರುವುದು ಬಹಳ ಕಡೆ ಈ ಅಕೇಶಿಯಾವನ್ನೇ.

ಜಿಲ್ಲಾಡಳಿತ 1990ರ ದಶಕದಲ್ಲಿ ಪಿಲಿಕುಳದ ಕೆಲಸಕ್ಕೆ ಕೈಹಾಕಿತು. ಅದಕ್ಕೆ ಕಾರಂತರ ಹೆಸರಿಟ್ಟದ್ದು ಬರೀ ಗೌರವಕ್ಕಲ್ಲ, ಒಪ್ಪುವ ಕಾರಣವಿದೆ. ಪುತ್ತೂರಿನಲ್ಲಿ ಬಾಲವನ ಕಟ್ಟಿದವರು, ಮಕ್ಕಳಿಗಾಗಿ ‘ಬಾಲಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ ಬರೆದವರು, ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ನಿಂತು 1989ರಲ್ಲಿ ಲೋಕಸಭೆ ಚುನಾವಣೆಗೂ ಇಳಿದವರು ಅವರು. ಗಿಡ, ಹಕ್ಕಿ, ಯಂತ್ರ, ಯಕ್ಷಗಾನ ಎಲ್ಲವೂ ಅವರ ಆಸಕ್ತಿಗೆ ಸೇರಿದ್ದವು. ಪಿಲಿಕುಳವೂ ಎಲ್ಲವನ್ನೂ ಒಳಗೆ ತಂದುಕೊಂಡಿದೆ: ದೋಣಿವಿಹಾರ, ನೀರಾಟದ ಮಾನಸ ಪಾರ್ಕ್, ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ. ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರರ ತಿಗರಿ, ಮಗ್ಗ, ಗಾಣ. ಬಂಟರ ಗುತ್ತಿನ ಮನೆಯ ಮಾದರಿಯಲ್ಲಿ ಕಟ್ಟಿದ ದೊಡ್ಡ ಮನೆಯೂ ಇದೆ. ಅದರ ಮರದ ಕೆತ್ತನೆಯ ಕಂಬಗಳನ್ನು ನೋಡುವವರು ಒಂದು ವಿಷಯ ನೆನೆಯಬೇಕು. ಅಂಥ ಕಂಬ ಕೊಡುವ ಮರಗಳು ಇದೇ ಸೀಮೆಯಲ್ಲಿ ಬೆಳೆಯುತ್ತಿದ್ದವು.

ಆ ಮರಗಳ ಹತ್ತಿರದ ಬಂಧುಗಳು ನಿಸರ್ಗಧಾಮದ ಸಸ್ಯವನದಲ್ಲಿವೆ. ಇಡೀ ಪಿಲಿಕುಳದಲ್ಲಿ ಅತಿ ಬೆಲೆಯುಳ್ಳದ್ದು ಯಾವುದು ಎಂದರೆ ನಾನು ತೋರಿಸುವುದು ಇದನ್ನೇ. ಪಶ್ಚಿಮಘಟ್ಟದ ಮರಗಿಡ ಬಳ್ಳಿಗಳನ್ನು ಹುಡುಕಿ ತಂದು, ಈ ಮುರಕಲ್ಲಿನ ಮೇಲೆ ನೆಟ್ಟು ಬೆಳೆಸಿದ ಜಾಗ ಅದು. ಕಲ್ಲಿನಲ್ಲಿ ಗುಂಡಿ ತೋಡುವುದು, ಹೊರಗಿನ ಮಣ್ಣು ತುಂಬುವುದು, ಮೊದಲ ಬೇಸಗೆಗಳಲ್ಲಿ ನೀರು ಹೊರುವುದು ಎಂಥ ಕೆಲಸವೆಂದು ತೋಟ ಮಾಡಿದವರಿಗೆ ಹೇಳಬೇಕಾಗಿಲ್ಲ. ಪುನರ್ಪುಳಿ, ಸುರಗಿ, ರೆಂಜೆ, ಧೂಪ, ಕಿರಾಲುಬೋಗಿ ಎಂದು ಅಜ್ಜಿಯಂದಿರು ಬಾಯಿತುಂಬ ಹೇಳುವ ಹೆಸರುಗಳಿಗೆ ಮರವನ್ನೇ ಮುಟ್ಟಿ ನೋಡುವ ಅವಕಾಶ ಪೇಟೆಯ ಅಂಚಿನಲ್ಲಿ ಬೇರೆ ಎಲ್ಲಿದೆ?

ಹಿಂದೆ ಆ ಅವಕಾಶ ಪ್ರತಿ ಗ್ರಾಮದ ನಾಗಬನದಲ್ಲೂ ಇತ್ತು. ನಾಗಬನ ಎಂದರೆ ಕತ್ತಿ ತಾಗಿಸದ ಮರಗಳ ಗುಂಪು, ಒಳಗೆ ತಂಪು, ಕೆಳಗೆ ದಪ್ಪ ತರಗೆಲೆ. ಈಗ ಎಷ್ಟೋ ಕಡೆ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿ ನಾಗನ ಕಲ್ಲನ್ನು ಮಾತ್ರ ಉಳಿಸಿದ್ದೇವೆ. ಷಷ್ಠಿಯ ದಿನ ನಾಗನ ಕ್ಷೇತ್ರವಾದ ಕುಡುಪಿನ ಅನಂತಪದ್ಮನಾಭನಿಗೆ ಸಾವಿರಾರು ಜನ ಕೈಮುಗಿಯುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದ ಪಿಲಿಕುಳದ ಮೃಗಾಲಯ ಕಾಳಿಂಗ ಸರ್ಪಗಳ ಸಂತಾನ ಬೆಳೆಸಿ ಹೆಸರಾಗಿದೆ. ಆ ಕೆಲಸ ಸುಲಭದ್ದಲ್ಲ. ಕಾಳಿಂಗ ಬೇರೆ ಹಾವುಗಳನ್ನು ತಿಂದು ಬದುಕುವ ಹಾವು, ಜೊತೆಗೆ ಬಿಟ್ಟ ತನ್ನ ಜಾತಿಯದನ್ನೇ ನುಂಗಬಹುದು. ಹೆಣ್ಣು ಮಳೆಗಾಲಕ್ಕೆ ಮುಂಚೆ ಮೈಯ ಸುರುಳಿಯಿಂದ ತರಗೆಲೆ ಎಳೆದು ಗೂಡು ಮಾಡಿ ಇಪ್ಪತ್ತರಿಂದ ನಲವತ್ತು ಮೊಟ್ಟೆ ಇಡುತ್ತದೆ. ಕೊಳೆಯುವ ಎಲೆಯ ಕಾವು ಮೊಟ್ಟೆಗೆ ಬೇಕು, ಸುರಿಯುವ ಮಳೆ ಒಳಗೆ ಇಳಿಯಬಾರದು. ತರಗೆಲೆಯೇ ಇಲ್ಲದ ಕಟ್ಟೆಯ ಬಳಿ ಯಾವ ಕಾಳಿಂಗ ಗೂಡು ಕಟ್ಟೀತು?

ಆಟದ ವಿಷಯಕ್ಕೆ ಬಂದರೆ ಪಿಲಿಕುಳದಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ. ಒಂದು ಗಾಲ್ಫ್ ಮೈದಾನ. ಅದರ ಹುಲ್ಲನ್ನು ಬೇಸಗೆಯಲ್ಲೂ ಹಸಿರಾಗಿಡಲು ನೀರು ಬೇಕು. ಅಷ್ಟು ಜಾಗ ಮರಗಳಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಅನಿಸದೆ ಇರುವುದಿಲ್ಲ. ಇನ್ನೊಂದು ಕಂಬಳ. ಜಿಲ್ಲಾಡಳಿತವೇ ಮುಂದೆ ನಿಂತು ಇಲ್ಲಿ ಜೋಡುಕರೆ ಕಂಬಳ ನಡೆಸುತ್ತಿತ್ತು. ಹಗ್ಗ, ನೇಗಿಲು, ಹಲಗೆ ಎಂದು ವಿಭಾಗಗಳಾಗಿ ರಾತ್ರಿಯಿಡೀ ಕೋಣಗಳು ಕೆಸರಿನ ಕರೆಯಲ್ಲಿ ಓಡುವ ಆಟ ಇದು. 2014ರ ಸುಪ್ರೀಂ ಕೋರ್ಟ್ ತೀರ್ಪು ಕಂಬಳಕ್ಕೆ ತಡೆಯಾಯಿತು, 2017ರಲ್ಲಿ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ತಿದ್ದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2024ರಲ್ಲಿ ಪಿಲಿಕುಳದ ಕರೆಯಲ್ಲಿ ಮತ್ತೆ ಕಂಬಳ ಮಾಡುವ ಮಾತು ಬಂದಾಗ, ಗದ್ದಲದಿಂದ ಮೃಗಾಲಯದ ಪ್ರಾಣಿಗಳಿಗೆ ತೊಂದರೆಯಾಗುತ್ತದೆ ಎಂಬ ಆಕ್ಷೇಪ ಹೈಕೋರ್ಟಿನ ಮೆಟ್ಟಿಲೇರಿತು. ಕಂಬಳ ನಮ್ಮ ಮಣ್ಣಿನ ಆಟ, ಅದು ಉಳಿಯಬೇಕು. ಆದರೆ ಜಿಲ್ಲೆಯಲ್ಲಿ ಕರೆಗಳಿಗೆ ಕೊರತೆಯಿಲ್ಲ. ಹುಲಿ, ಚಿರತೆಗಳು ರಾತ್ರಿ ಮಲಗುವ ಮಗ್ಗುಲಲ್ಲೇ ಧ್ವನಿವರ್ಧಕ ಹಚ್ಚಬೇಕೆಂಬ ಹಟ ನನಗೆ ಒಪ್ಪಿಗೆಯಾಗುವುದಿಲ್ಲ.

ವಾಮಂಜೂರಿನ ಸುತ್ತಲಿನ ಜನ ಪೇಟೆಯ ಹೊರೆಯನ್ನೂ ಹೊತ್ತವರು ಎಂಬುದನ್ನು ಇಲ್ಲಿ ಹೇಳಲೇಬೇಕು. ಮಂಗಳೂರಿನ ಕಸ ಬಂದು ಬೀಳುವ ಪಚ್ಚನಾಡಿ ಪಕ್ಕದಲ್ಲೇ ಇದೆ. 2019ರ ಆಗಸ್ಟ್ ಮಳೆಗೆ ಅಲ್ಲಿಯ ಕಸದ ಗುಡ್ಡ ಜರಿದು ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಹರಿಯಿತು. ನಗರ ತನ್ನ ವಿಹಾರಕ್ಕೂ ಇಲ್ಲಿಗೇ ಬರುತ್ತದೆ, ಕಸ ಸುರಿಯಲೂ ಇಲ್ಲಿಗೇ ಬರುತ್ತದೆ. ಹಾಗಿರುವಾಗ ಈ 370 ಎಕರೆಯ ಮೇಲೆ ಮೊದಲ ಹಕ್ಕು ಮೂಡುಶೆಡ್ಡೆ, ವಾಮಂಜೂರು, ಮಂದಾರದ ಮಕ್ಕಳದ್ದು.

ಶಾಲೆಗಳ ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತವೆ. ಮಕ್ಕಳು ಹುಲಿ ನೋಡುತ್ತಾರೆ, ನೀರಾಟ ಆಡುತ್ತಾರೆ, ಊಟ ಮಾಡಿ ಹೊರಡುತ್ತಾರೆ. ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ. ಒಂದು ವರ್ಷವಾದರೂ ಪ್ರವಾಸವನ್ನು ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಕೊಡೆ ಹಿಡಿಸಿ ಮಕ್ಕಳನ್ನು ಮೊದಲು ಸಸ್ಯವನಕ್ಕೆ ಕರೆದೊಯ್ಯಿರಿ. ಮರಗಳ ತುಳು ಹೆಸರು ಬಲ್ಲ ಊರಿನ ಹಿರಿಯರೊಬ್ಬರು ಜೊತೆಗಿರಲಿ. ಹುಲಿಯನ್ನು ಮಧ್ಯಾಹ್ನದ ಮೇಲೆ ನೋಡಬಹುದು.