ಚಾಮರಾಜನಗರ ಮತ್ತು ಮುಮ್ಮಡಿ ಕೃಷ್ಣರಾಜರ ಛದಕ್ರೀಡೆ

ಅರಿಕುಠಾರವೆಂಬ ಊರು 1818ರಲ್ಲಿ ಚಾಮರಾಜನಗರವೆಂದು ಹೆಸರಾಯಿತು. ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಜನಿಸಿದ ಸ್ಥಳವಿದೆಂದು ತಿಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಆ ಹೆಸರನ್ನಿತ್ತು, ಮುಂದೆ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಲಿಂಗಕ್ಕೆ ತಂದೆಯ ಹೆಸರು. ದೇವಿಗೆ ತಾಯಿಯ ಹೆಸರು, ಕೆಂಪನಂಜಾಂಬಾ. ಪಿತೃಸ್ಮರಣೆಯ ದೇವಾಲಯ ಈ ವಂಶಕ್ಕೆ ಹೊಸದಲ್ಲ. ನೆರೆಯ ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವೂ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗಾಗಿ ಕಟ್ಟಿಸಿದುದೇ. ಆದರೆ ದೈವಲೋಕವನ್ನೂ ರಾಜಲೋಕವನ್ನೂ ಒಂದೇ ಪಂಕ್ತಿಯಲ್ಲಿ ಜೋಡಿಸುವ ಕೃಷ್ಣರಾಜರ ಅಭಿರುಚಿ ಆಟದ ಎಲೆಗಳವರೆಗೂ ಹರಿದುದನ್ನು ನಮ್ಮ ಇತಿಹಾಸಕಾರರು ಅಷ್ಟಾಗಿ ಗಮನಿಸಿಲ್ಲ.

ಭಾರತದಲ್ಲಿ ಎಲೆಯಾಟದ ಪ್ರಾಚೀನ ಉಲ್ಲೇಖಗಳಲ್ಲೊಂದು ಬಾಬರನ ಆತ್ಮಕಥೆಯಲ್ಲಿ ದೊರೆಯುತ್ತದೆ. 1527ರಲ್ಲಿ ಆತ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದನು. ಮೊಗಲರ ತೊಂಬತ್ತಾರು ಎಲೆಗಳ ಕಟ್ಟಿನಲ್ಲಿ ಎಂಟು ವರ್ಗಗಳು: ಕಿರೀಟ, ಬೆಳ್ಳಿನಾಣ್ಯ, ಖಡ್ಗ, ಸೇವಕ, ತಂತಿವಾದ್ಯ, ಚಿನ್ನದ ನಾಣ್ಯ, ಆಜ್ಞಾಪತ್ರ, ಸರಕು. ಇವು ಬಹುಮಟ್ಟಿಗೆ ಒಂದು ರಾಜ್ಯದ ಇಲಾಖೆಗಳೇ ಸರಿ. ದಶಾವತಾರ ಗಂಜೀಫಾದಲ್ಲಿ ಈ ಇಲಾಖೆಗಳ ಸ್ಥಾನವನ್ನು ವಿಷ್ಣುವಿನ ಹತ್ತು ಅವತಾರಗಳು ಪಡೆದುವು. ಪ್ರತಿ ಅವತಾರಕ್ಕೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕೆಯ ಎಲೆಗಳು, ಒಟ್ಟು 120. ಪರಶುರಾಮನಿಗೆ ಕೊಡಲಿ, ರಾಮನಿಗೆ ಬಾಣ ಎಂಬಂತೆ ಲಾಂಛನಗಳು. ಮತ್ಸ್ಯಾದಿ ಮೊದಲ ಐದು ವರ್ಗಗಳಲ್ಲಿ ಒಂದಕ್ಕೆ ಹತ್ತಕ್ಕಿಂತ ಹೆಚ್ಚು ಬೆಲೆ. ಉಳಿದ ಐದರಲ್ಲಿ ಹತ್ತಕ್ಕೇ ಹೆಚ್ಚು. ಹಗಲಿನಲ್ಲಿ ರಾಮನನ್ನು ಹಿಡಿದವನು, ರಾತ್ರಿಯಲ್ಲಿ ಕೃಷ್ಣನನ್ನು ಹಿಡಿದವನು ಆಟವನ್ನು ಆರಂಭಿಸುವುದು ಪದ್ಧತಿ.

ಕೃಷ್ಣರಾಜರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಹದಿಮೂರು ಛದಕ್ರೀಡೆಗಳ ವಿವರಣೆಯಿದೆ. ಛದವೆಂದರೆ ಎಲೆ. ಸಾಮಾನ್ಯವಾಗಿ ವರ್ಗವೊಂದಕ್ಕೆ ಹನ್ನೆರಡು ಅಂಕೆಯ ಎಲೆಗಳು, ಆರು ಆಸ್ಥಾನದ ಎಲೆಗಳು. ಕೆಲವು ಕ್ರೀಡೆಗಳಿಗೆ ಹದಿನೆಂಟು ವರ್ಗಗಳು. ಎಲೆಗಳ ಸಂಖ್ಯೆ 360ರವರೆಗೆ ಏರುತ್ತದೆ. ಇಷ್ಟನ್ನು ನೆನಪಿಟ್ಟು ಆಡಬಲ್ಲವರು ಅರಮನೆಯಲ್ಲಾದರೂ ಎಷ್ಟು ಮಂದಿ ಇದ್ದಾರು! ಆಟ ಅರಮನೆಯ ಹೊರಗೆ ಹಬ್ಬದಿದ್ದುದು ಆಶ್ಚರ್ಯವಲ್ಲ.

1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ವಶಪಡಿಸಿಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಕೃಷ್ಣರಾಜರು ಹೆಸರಿಗೆ ಮಾತ್ರ ದೊರೆ. ಅಧಿಕಾರ ಕಳೆದುಕೊಂಡ ಅರಸು ಎಲೆಗಳ ಮೇಲೆ ರಾಜ್ಯ ಕಟ್ಟಿಕೊಂಡನೆಂದು ಹೇಳಿಬಿಡುವುದು ಸುಲಭ. ನಾವು ಈ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪಲಾರೆವು. ಚಾಮರಾಜನಗರದ ನಾಮಕರಣವಾದಾಗ ಆಡಳಿತ ಅವರ ಕೈಯಲ್ಲೇ ಇತ್ತು. ಮಾತಾಪಿತೃಗಳ ಹೆಸರಿನಲ್ಲಿ ದೇವತೆಗಳನ್ನು ಪ್ರತಿಷ್ಠಿಸಿದ ಮನಸ್ಸೇ ಮುಂದೆ ದೇವತಾಲಕ್ಷಣಗಳ ನಿಧಿಯೊಂದರಲ್ಲಿ ಎಲೆಯಾಟಕ್ಕೂ ಸ್ಥಾನವಿತ್ತಿತು. ಕೌತುಕನಿಧಿಯನ್ನು ವಿರಾಮದ ಹವ್ಯಾಸವೆಂದು ಬದಿಗಿಟ್ಟರೆ ಉಳಿದ ಎಂಟು ನಿಧಿಗಳೊಡನೆ ಅದಕ್ಕಿರುವ ಸಂಬಂಧ ಕಡಿದುಹೋಗುತ್ತದೆ.

ಇಲ್ಲಿ ವಿಲ್ಕ್ಸ್ ಬರೆದಿಟ್ಟ ಕಥೆಯೊಂದು ಸ್ಮರಣೀಯ. ಹೈದರಾಲಿಯು ರಾಜಬಂಧುಗಳ ಮಕ್ಕಳನ್ನು ಆಟಿಕೆಗಳ ನಡುವೆ ಬಿಟ್ಟನಂತೆ. ಅರಿಕುಠಾರದ ಮನೆತನದ ಬಾಲಕನೊಬ್ಬ ಒಂದು ಕೈಯಲ್ಲಿ ಕಠಾರಿಯನ್ನೂ ಇನ್ನೊಂದರಲ್ಲಿ ನಿಂಬೆಹಣ್ಣನ್ನೂ ಎತ್ತಿಕೊಂಡನು. ಇವನೇ ರಾಜನೆಂದು ಹೈದರನು ಸಾರಿದನಂತೆ. ಆ ಬಾಲಕನೇ ಕೃಷ್ಣರಾಜರ ತಂದೆ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಆತನೂ ಹೆಸರಿಗೆ ಮಾತ್ರ ದೊರೆಯಾಗಿದ್ದುದು ನಿಜ.

ಈಗ ಈ ಸೀಮೆಯಲ್ಲಿ ಬಳಕೆಯಲ್ಲಿರುವುದು ಐವತ್ತೆರಡು ಎಲೆಗಳ ಇಸ್ಪೀಟು. ಅದರ ಕಳಾವರ್, ಆಟೀನ್ ಎಂಬ ಹೆಸರುಗಳು ಡಚ್ಚರ ಕ್ಲಾವರ್, ಹಾರ್ಟೆನ್ ಎಂಬ ಶಬ್ದಗಳಿಗೆ ತೀರ ಸಮೀಪವಾಗಿವೆ. ಹೆಸರುಗಳು ಕಡಲಿನಿಂದ ಬಂದಿದ್ದರೂ, ಆಡುವವರು ಕೈಯಲ್ಲಿರುವುದನ್ನು ಕರೆಯುವುದು ಎಲೆ ಎಂದೇ.